ಕನ್ನಿಮೂಲೆಯ ಬಾಗಿಲು

ಹೆಣ್ಣುಮಕ್ಕಳ ಹಾಸ್ಟೆಲಿನ ಮೇಟ್ರನ್ ನಗಬಾರದೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೆ ಒಮ್ಮೆ ನಕ್ಕರೆ ಮರುದಿನ ಬೆಳಗಿನ ಪ್ರಾರ್ಥನೆಗೆ ಅರ್ಧ ಮಕ್ಕಳು ತಡವಾಗಿ ಬರುತ್ತಾರೆ. ಹಾಗಾಗಿ ನಾನು ನಗುವುದಿದ್ದರೆ ನನ್ನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ನಗುತ್ತೇನೆ. ನಮ್ಮ ಕಟ್ಟಡಕ್ಕೆ ಅಗ್ನಿಶಾಮಕದವರ ಒಪ್ಪಿಗೆ ಪಡೆಯಲು ಹೊರಟ ಮೇಲೆ ನಾನು ಕೋಣೆಗೆ ಹೋಗುವುದು ಸ್ವಲ್ಪ ಹೆಚ್ಚೇ ಆಯಿತು.

ನಮ್ಮ ಹಾಸ್ಟೆಲ್ ಇರುವುದು ಮೂಡುಬಿದಿರೆಯಲ್ಲಿ. ಮೂರು ಮಹಡಿ, ಎದುರಿಗೆ ಅಂಗಳ, ಹಿಂದೆ ಅಡುಗೆಮನೆ. ಕಟ್ಟಡದ ಧಣಿಗಳು ಬೆಳ್ತಂಗಡಿಯ ಹತ್ತಿರ ಲಾಯಿಲದವರು. ಕಟ್ಟಿಸಿದ ಇಂಜಿನಿಯರ್ ಬಂಟ್ವಾಳದವರು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನಮಗೆ ಮುಖ್ಯವಾಗಿ ಕಲಿಸಿದ್ದು ನೆಟ್ಟಗೆ ಕುಳಿತುಕೊಳ್ಳುವುದು, ಆರಂಭಿಸಿದ ವಾಕ್ಯವನ್ನು ಮುಗಿಸುವುದು ಮತ್ತು ತೆರೆದ ಬಾಗಿಲನ್ನು ಮುಚ್ಚುವುದು. ಈ ವಿದ್ಯೆಯಿಂದಲೇ ನಾನು ಇಷ್ಟು ವರ್ಷ ಹಾಸ್ಟೆಲ್ ನಡೆಸಿದ್ದೇನೆ.

ಈ ಸಲ ಪರವಾನಗಿ ನವೀಕರಿಸಲು ಹೋದಾಗ ಅಗ್ನಿಶಾಮಕದವರ ಒಪ್ಪಿಗೆ ಬೇಕು ಎಂದರು. ಪರೀಕ್ಷೆಯ ಮುಂಚೆ ಅದು ಸಿಗದಿದ್ದರೆ ಹಾಸ್ಟೆಲ್ ಖಾಲಿ ಮಾಡಿಸಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಊರಿಗೆ ಬೆಳಗಿನ ಬಸ್ಸಿಲ್ಲ. ಮನೆಯಿಂದ ಹೊರಟರೆ ಕಾಲೇಜು ತಲುಪುವಾಗ ಪ್ರಶ್ನೆಪತ್ರಿಕೆ ಅರ್ಧ ಮುಗಿದಿರುತ್ತದೆ. ಹಾಸ್ಟೆಲ್ ಮುಚ್ಚಿದರೆ ಅವರ ವರ್ಷವೇ ಹೋಯಿತು. ಹಾಗಾಗಿ ಈ ಒಪ್ಪಿಗೆ ನನಗೆ ನಗುವ ವಿಷಯ ಆಗಿರಲೇ ಇಲ್ಲ. ನಗು ತಾನಾಗಿ ಬಂದದ್ದು.

ಗೋಡೆಗೆ ಓಡುವ ಮನುಷ್ಯ

ಪರಿಶೀಲನೆಗೆ ಬಂದ ಅಧಿಕಾರಿ ಘಟ್ಟದ ಮೇಲಿನವರು. ಇಸ್ತ್ರಿ ಮಾಡಿದ ಖಾಕಿ, ಹೊಳೆಯುವ ಬೂಟು, ಕಡಿಮೆ ಮಾತು. ನೋಡಿದ ಕೂಡಲೇ ನನಗೆ ಗೌರವ ಬಂತು. ಧಣಿಗಳು ಗರಿಗರಿ ಬಿಳಿ ಪಂಚೆ ಉಟ್ಟು ಬಂದಿದ್ದರು. ಇಂಜಿನಿಯರ್ ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಅದು ಸುರುಟದಂತೆ ನಾಲ್ಕು ಮೂಲೆಗೂ ಸ್ಟೀಲ್ ಲೋಟ ಇಟ್ಟರು.

ಅಧಿಕಾರಿ ನಕ್ಷೆ ನೋಡಿ ತಲೆಯಾಡಿಸಿದರು. "ಎರಡು ಮೆಟ್ಟಿಲು ತೋರಿಸಿದೀರ. ಒಳ್ಳೇದು. ಎರಡನೇದು ಎಲ್ಲಿದೆ? ನೋಡೋಣ ನಡೀರಿ."

ಎಲ್ಲರೂ ಮೂರನೆಯ ಮಹಡಿಗೆ ಹತ್ತಿ, ಅಲ್ಲಿಂದ ಎರಡನೆಯ ಮೆಟ್ಟಿಲಲ್ಲಿ ಇಳಿಯತೊಡಗಿದೆವು. ಮೆಟ್ಟಿಲು ನಿಜವಾಗಿಯೂ ಚೆನ್ನಾಗಿತ್ತು. ಅಗಲವಿತ್ತು, ಹಿಡಿಕೆ ಇತ್ತು, ಹೊಸ ಬಣ್ಣದ ವಾಸನೆ ಇತ್ತು. ಒಂದೊಂದು ತಿರುವಿನಲ್ಲೂ ಓಡುವ ಮನುಷ್ಯನ ಚಿತ್ರವಿದ್ದ ಹಸಿರು ಫಲಕ ಹಾಕಿದ್ದರು. ಅವನು ಓಡಿದ ಕಡೆಗೆ ನಾವೂ ಇಳಿದೆವು. ಕೊನೆಯ ಮೆಟ್ಟಿಲು ಇಳಿದಾಗ ಎದುರಿಗೆ ಗೋಡೆ. ಗೋಡೆಯ ಮೇಲೆ 'ನಿರ್ಗಮನ' ಎಂಬ ಫಲಕ. ಅದರಲ್ಲೂ ಆ ಮನುಷ್ಯ ಓಡುತ್ತಲೇ ಇದ್ದ.

ಅಧಿಕಾರಿ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಕಲ್ಲಿನದೇ ಗೋಡೆ.

"ಏನ್ರೀ ಇದು? ಬಾಗಿಲೆಲ್ಲಿ?"

ಇಂಜಿನಿಯರ್ ಧಣಿಗಳ ಮುಖ ನೋಡಿದರು. ಧಣಿಗಳು ತಲೆಯೆತ್ತಿ ಮಾಡು ನೋಡಿದರು.

"ಬಾಗಿಲು ಇಲ್ಲೇ ಬರಬೇಕಿತ್ತು ಸಾರ್," ಎಂದರು ಧಣಿಗಳು. "ಆದರೆ ಇದು ಕನ್ನಿಮೂಲೆ."

ಘಟ್ಟದ ಮೇಲಿನವರಿಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ನೈಋತ್ಯಕ್ಕೆ ಕನ್ನಿಮೂಲೆ ಎನ್ನುತ್ತಾರೆ, ಅಲ್ಲಿ ಬಾಗಿಲು ಇಟ್ಟರೆ ಮನೆಯ ಐಶ್ವರ್ಯ ಅದರಲ್ಲೇ ಹೊರಟುಹೋಗುತ್ತದೆ ಎಂದು ನಂಬುವವರಿದ್ದಾರೆ ಎಂದು ನಾನು ವಿವರಿಸಿದೆ. ನಾನು ನಂಬುವವಳಲ್ಲ ಎಂಬುದನ್ನೂ ಸೇರಿಸಿದೆ.

"ಕಾನೂನಿನವರು ಮೆಟ್ಟಿಲು ಬೇಕು ಅಂದ್ರು, ಜೋಯಿಸರು ಬಾಗಿಲು ಬೇಡ ಅಂದ್ರು," ಧಣಿಗಳು ಕೈಮುಗಿದರು. "ನಾನು ಇಬ್ಬರ ಮಾತನ್ನೂ ಮೀರಲಿಲ್ಲ ಸಾರ್."

"ಸ್ವಾಮಿ, ಬೆಂಕಿ ಬಿದ್ದು ಆ ಹೆಣ್ಣುಮಕ್ಕಳೆಲ್ಲ ಇಲ್ಲಿಗೆ ಓಡಿ ಬರ್ತಾರೆ ಅಂತಿಟ್ಕೊಳ್ಳಿ. ಬಂದು ಏನು ಮಾಡಬೇಕು?"

ಧಣಿಗಳು ಇದನ್ನು ನಿಜವಾಗಿಯೂ ಆಲೋಚಿಸಿದರು. ಗೋಡೆ ನೋಡಿದರು, ಮೆಟ್ಟಿಲು ನೋಡಿದರು.

"ಸ್ವಲ್ಪ ಹೊತ್ತು ಇಲ್ಲಿ ತಂಪಿಗೆ ಕೂತು, ಬೆಂಕಿ ಕಡಿಮೆ ಆದ ಮೇಲೆ ವಾಪಸು ಹತ್ತಬಹುದು ಸಾರ್."

ಬೆಂಕಿಯ ಮೂಲೆ

ಅದೇ ದಿನ ಅಧಿಕಾರಿ ಬೆಂಕಿ ನಂದಿಸುವ ಸಿಲಿಂಡರುಗಳನ್ನು ಕೇಳಿದರು. ಧಣಿಗಳ ಮುಖ ಮತ್ತೆ ಅರಳಿತು. ಈ ಒಂದು ವಿಷಯದಲ್ಲಿ ತಾವು ಪಾಸು ಎಂದು ಅವರಿಗೆ ಖಚಿತವಿತ್ತು.

ದೊಡ್ಡ ಮೆಟ್ಟಿಲಿನ ಕೆಳಗೆ, ಕಟ್ಟಡದ ಆಗ್ನೇಯ ಮೂಲೆಯಲ್ಲಿ ಒಂದು ಸಣ್ಣ ಸಾಮಾನು ಕೋಣೆ ಉಂಟು. ಧಣಿಗಳು ಅದರ ಬಾಗಿಲು ತೆರೆದರು. ಒಳಗೆ ಹಾಸ್ಟೆಲಿನ ಅಷ್ಟೂ ಕೆಂಪು ಸಿಲಿಂಡರುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಧೂಳು ಕೂರಬಾರದೆಂದು ನಮ್ಮ ಅಡುಗೆಯ ಅಕ್ಕ ಹಳೆಯ ಕಿಟಕಿ ಪರದೆಯಿಂದ ಒಂದೊಂದಕ್ಕೂ ಅಂಗಿ ಹೊಲಿದು ತೊಡಿಸಿದ್ದರು. ಹೊಲಿಗೆ ಅಚ್ಚುಕಟ್ಟಾಗಿತ್ತು, ಅದನ್ನು ಹೇಳಲೇಬೇಕು.

"ಎಲ್ಲಾನೂ ಇಲ್ಲೇ ಯಾಕೆ ಇಟ್ಟಿದೀರ?"

"ಇದು ಅಗ್ನಿಮೂಲೆ ಸಾರ್. ಬೆಂಕಿಗೆ ಸಂಬಂಧಪಟ್ಟದ್ದು ಇಲ್ಲೇ ಇರಬೇಕು."

"ಮೂರನೇ ಮಹಡೀಲಿ ಬೆಂಕಿ ಬಿದ್ರೆ?"

"ಬೀಳುವುದಿಲ್ಲ ಸಾರ್. ಕೋಣೆಗಳೆಲ್ಲ ಇರುವುದು ಪಡುವಣಕ್ಕೆ. ಅದು ವರುಣನ ದಿಕ್ಕು. ಅಲ್ಲಿ ಬಂದರೆ ನೀರೇ ಬರಬೇಕು."

"ಮಾರ್ಚ್ ಕಳೆದರೆ ಅಲ್ಲಿ ನೀರೂ ಬರುವುದಿಲ್ಲ," ಎಂದೆ ನಾನು. ಅಧಿಕಾರಿ ಅಂದು ಮೊದಲ ಬಾರಿಗೆ ನನ್ನ ಕಡೆ ಗೌರವದಿಂದ ನೋಡಿದರು.

ಅಂಗಿ ಬಿಚ್ಚಿಸಿ ಸಿಲಿಂಡರುಗಳನ್ನು ಮಹಡಿ ಮಹಡಿಗೆ ಹಂಚಿಸಿದರು. ಒಂದನ್ನು ಅಡುಗೆಮನೆಗೂ ಕೊಟ್ಟರು. ಮುಂದಿನ ವಾರ ಅವರ ಇಲಾಖೆಯ ಸಿಬ್ಬಂದಿಯೊಬ್ಬರು ಬಂದು ಅಂಗಳದಲ್ಲಿ ತೆಂಗಿನ ಒಣ ಮಡಲಿಗೆ ಬೆಂಕಿ ಕೊಟ್ಟು, ಪಿನ್ ಎಳೆಯುವುದು, ಬೆಂಕಿಯ ಬುಡಕ್ಕೆ ಹಿಡಿಯುವುದು, ಒತ್ತುವುದು ಎಲ್ಲ ತೋರಿಸಿದರು. ಮಕ್ಕಳು ಒಬ್ಬೊಬ್ಬರಾಗಿ ಮಾಡಿದರು. ಅಡುಗೆಯ ಅಕ್ಕನ ಸರದಿ ಬಂದಾಗ ಅವರು ಸಿಲಿಂಡರನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತರು, ಪಿನ್ ಮುಟ್ಟಲಿಲ್ಲ.

"ಹೊಸ ಸಾಮಾನು ಸಾರ್. ಸುಮ್ಮನೆ ಹಾಳು ಮಾಡುವುದು ಎಂತಕ್ಕೆ?"

ಮಡಲು ಉರಿದು ಬೂದಿಯಾಯಿತು. ನನಗೆ ಸಹನೆ ತಪ್ಪಿತು. "ಅಕ್ಕ, ಸರಿಯಾಗಿ ಕೇಳಿಸಿಕೊಳ್ಳಿ. ಬೆಂಕಿ ಕಂಡರೆ ಯಾರನ್ನೂ ಕೇಳಲಿಕ್ಕಿಲ್ಲ. ಆಲೋಚನೆ ಮಾಡಲಿಕ್ಕಿಲ್ಲ. ಪಿನ್ ಎಳೆಯುವುದು, ಹೊಡೆಯುವುದು. ಅರ್ಥ ಆಯಿತಾ?"

"ಆಯಿತು ಮೇಡಂ." ಅಕ್ಕ ಸಿಲಿಂಡರನ್ನು ಕೆಳಗಿಟ್ಟು ಕೇಳಿದರು. "ಒಲೆಯ ಬೆಂಕಿಗೂವಾ?"

ಬೀಗ ಇಲ್ಲದ ಬಾಗಿಲು

ಗೋಡೆ ಒಡೆದು ಬಾಗಿಲು ಇಡದಿದ್ದರೆ ಒಪ್ಪಿಗೆ ಇಲ್ಲ ಎಂದು ಅಧಿಕಾರಿ ಕಡ್ಡಿ ಮುರಿದ ಹಾಗೆ ಹೇಳಿದರು. ಧಣಿಗಳು ಲಾಯಿಲದಿಂದ ಬಂದು ಗೋಡೆಯ ಎದುರು ಬಹಳ ಹೊತ್ತು ನಿಂತರು. ಬಾಗಿಲು ಇಟ್ಟರೆ ಐಶ್ವರ್ಯ ಹೋಗುತ್ತದೆ, ಇಡದಿದ್ದರೆ ಹಾಸ್ಟೆಲೇ ಹೋಗುತ್ತದೆ. ಕೊನೆಗೆ ಇಂಜಿನಿಯರಿಗೆ ಹೇಳಿದರು, "ಒಡೆಯಿರಿ ಮಾರಾಯ್ರೇ. ಆದರೆ ನಾನು ಮಾತ್ರ ಈ ಬಾಗಿಲನ್ನು ಜೀವಮಾನದಲ್ಲಿ ದಾಟುವವನಲ್ಲ. ನೀವೇ ಸಾಕ್ಷಿ ಮೇಡಂ."

ನಾನು ಸಾಕ್ಷಿಯಾದೆ.

ಬಾಗಿಲು ಬಂತು. ಗಟ್ಟಿ ಕಬ್ಬಿಣದ ಬಾಗಿಲು, ನೋಡಲು ಚೆನ್ನಾಗಿತ್ತು. ನಾನು ಕೂಡಲೇ ಅದಕ್ಕೊಂದು ಒಳ್ಳೆಯ ಬೀಗ ತರಿಸಿದೆ. ಆಗ ಅಧಿಕಾರಿ ಬಂದು, ಇದಕ್ಕೆ ಬೀಗವೇ ಇರಬಾರದು ಎಂದರು. ಒಳಗಿನಿಂದ ಒಂದು ಅಡ್ಡ ಸರಳು ಉಂಟು, ಯಾರು ಕೈಯಿಟ್ಟು ಒತ್ತಿದರೂ ಬಾಗಿಲು ತೆರೆಯುತ್ತದೆ. ಹೊರಗಿನಿಂದ ಮಾತ್ರ ತೆರೆಯುವುದಿಲ್ಲ.

"ಯಾರು ಒತ್ತಿದರೂ?" ಎಂದೆ.

"ಯಾರು ಒತ್ತಿದ್ರೂ."

"ಮಕ್ಕಳು ಒತ್ತಿದರೂ?"

"ಮೇಡಂ, ಮಕ್ಕಳಿಗೋಸ್ಕರನೇ ಅದು."

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ, ಒಳಗಿನಿಂದ ಯಾರು ಬೇಕಾದರೂ ಯಾವಾಗ ಬೇಕಾದರೂ ತೆರೆಯಬಹುದಾದ ಬಾಗಿಲು! ನಾನು ನೆಟ್ಟಗೆ ನಿಂತು, ವಾಕ್ಯ ಪೂರ್ತಿ ಮಾಡಿ ಹೇಳಿದೆ. "ಸರ್, ನಾನು ಓದಿದ ಕಾನ್ವೆಂಟಿನಲ್ಲಿ ಒಂದೇ ಬಾಗಿಲು ಇತ್ತು. ಅದಕ್ಕೆ ಅಗುಳಿ, ಚಿಲಕ, ಬೀಗ ಎಲ್ಲ ಇತ್ತು. ಕೀಲಿ ಮದರ್ ಅವರ ಸೊಂಟದಲ್ಲಿ ಇರುತ್ತಿತ್ತು."

"ಬೆಂಕಿ ಬಿದ್ರೆ ಏನ್ ಮಾಡ್ತಿದ್ರಿ?"

"ಮದರ್ ಅನುಮತಿ ಇಲ್ಲದೆ ಅಲ್ಲಿ ಬೆಂಕಿಯೂ ಬರುತ್ತಿರಲಿಲ್ಲ."

ಅವರು ನಗಲಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದರು, "ಮೇಡಂ, ಬೀಗ ಹಾಕಿದ ಬಾಗಿಲಿನ ಹಿಂದೆ ಏನಿರುತ್ತೆ ಅಂತ ನಾನು ಕೆಲಸದಲ್ಲಿ ನೋಡಿದೀನಿ. ನೀವು ನೋಡೋದು ಬೇಡ." ನಾನು ಬೀಗವನ್ನು ಅಂಗಡಿಗೆ ವಾಪಸು ಕೊಡಿಸಿದೆ. ಬಾಗಿಲು ತೆರೆದರೆ ನನ್ನ ಕೋಣೆಯಲ್ಲಿ ಗಂಟೆ ಬಡಿಯುವ ಹಾಗೆ ಮಾಡಿಕೊಡುತ್ತೇನೆ ಎಂದು ಇಂಜಿನಿಯರ್ ಮಾತು ಕೊಟ್ಟ ಮೇಲೆ ಎನ್ನಿ.

ಆ ಭಾನುವಾರ ಕಲ್ಲಡ್ಕದಿಂದ ಒಬ್ಬ ತಂದೆ ಮಗಳನ್ನು ನೋಡಲು ಬಂದರು. ಹೊಸ ಬಾಗಿಲು ಅವರ ಕಣ್ಣಿಗೆ ಬಿತ್ತು. ಸರಳು ಒತ್ತಿದರು, ತೆರೆಯಿತು. ನನ್ನ ಕೋಣೆಯಲ್ಲಿ ಗಂಟೆ ಬಡಿಯಿತು. ನಾನು ಓಡಿಬಂದೆ.

"ಇದೆಂತ ಮೇಡಂ, ಇದಕ್ಕೆ ಬೀಗ ಇಲ್ವಾ? ಯಾರನ್ನು ನಂಬಿ ನಾವು ಮಗಳನ್ನು ಬಿಡುವುದು?"

ಅಧಿಕಾರಿಯ ಮಾತಿನ ಪ್ರಭಾವ ನನ್ನ ಮೇಲೆ ಇನ್ನೂ ಇತ್ತು. "ನೀವು ಈವರೆಗೆ ನಂಬಿದ್ದು ಯಾರನ್ನು? ನಿಮ್ಮ ಮಗಳನ್ನಾ, ಬೀಗವನ್ನಾ?" ಎಂದು ಕೇಳಿದೆ. ಇದು ಅವರ ಮನಸ್ಸನ್ನು ತಟ್ಟುತ್ತದೆ ಎಂದುಕೊಂಡಿದ್ದೆ.

"ಎರಡನ್ನೂ ಅಲ್ಲ," ಎಂದರು ಅವರು. "ಅವಳಿಗೆ ನಿಮ್ಮ ಮೇಲಿರುವ ಹೆದರಿಕೆಯನ್ನು."

ಚಪ್ಪಲಿ

ಬಾಗಿಲು ಇದ್ದರೆ ಸಾಲದು, ಅದರಲ್ಲಿ ಮಕ್ಕಳು ಬೇಗ ಹೊರಬರುತ್ತಾರೆಂದು ತೋರಿಸಬೇಕು. ಇದಕ್ಕೆ ಡ್ರಿಲ್ ಎನ್ನುತ್ತಾರೆ. ಸೈರನ್ ಹಾಕಿದ ಕೂಡಲೇ ಇದ್ದ ಹಾಗೆಯೇ ಎದ್ದು, ಸಾಲಾಗಿ ಇಳಿದು, ಅಂಗಳದಲ್ಲಿ ನಿಂತು ಹಾಜರಿ ಹೇಳಬೇಕು. ಶಿಸ್ತಿನ ವಿಷಯವಾದ್ದರಿಂದ ನಾನು ನಿಶ್ಚಿಂತೆಯಿಂದ ಇದ್ದೆ. ನಮ್ಮ ಮಕ್ಕಳು ಊಟಕ್ಕೆ ಬರುವುದೂ ಎತ್ತರದ ಪ್ರಕಾರ ಸಾಲಾಗಿಯೇ.

ಸೈರನ್ ಕೂಗಿತು. ಮೇಲಿನಿಂದ ದಡದಡ ಹೆಜ್ಜೆ ಸದ್ದು ಕೇಳಿತು. ಸದ್ದು ಮೂರನೆಯ ಮಹಡಿಯಿಂದ ಎರಡನೆಯದಕ್ಕೆ ಬಂತು, ಎರಡನೆಯದರಿಂದ ಕೆಳಗೆ ಬಂತು, ಅಲ್ಲಿ ನಿಂತುಬಿಟ್ಟಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಅಧಿಕಾರಿ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ನಾನು ಎದುರಿನ ಬಾಗಿಲಿನಿಂದ ಒಳಗೆ ಹೋಗಿ ಇಣುಕಿದೆ.

ನಮ್ಮ ಹಾಸ್ಟೆಲಿನ ನಿಯಮ ಎರಡು. ಚಪ್ಪಲಿ ಹಾಕಿಕೊಂಡು ಮೇಲಕ್ಕೆ ಹತ್ತಬಾರದು, ಚಪ್ಪಲಿ ಇಲ್ಲದೆ ಅಂಗಳಕ್ಕೆ ಇಳಿಯಬಾರದು. ಎರಡೂ ನಾನೇ ಮಾಡಿದ್ದು. ಹೊಸ ಬಾಗಿಲು ಬಂದ ಮೇಲೆ ಆ ಗೋಡೆಯ ಬದಿ ಖಾಲಿ ಉಂಟು ಎಂದು ಮಕ್ಕಳೆಲ್ಲ ಚಪ್ಪಲಿಯನ್ನು ಅಲ್ಲೇ ಬಿಡತೊಡಗಿದ್ದರು. ಈಗ ಸೈರನ್ ಕೂಗುತ್ತಿರುವಾಗ ಇಡೀ ಹಾಸ್ಟೆಲ್ ಕುಕ್ಕರಗಾಲಲ್ಲಿ ಕೂತು ತನ್ನ ತನ್ನ ಚಪ್ಪಲಿ ಹುಡುಕುತ್ತಿತ್ತು.

"ಏ, ಅದು ನನ್ನದು, ನಿನ್ನದರ ಬಾರು ನೀಲಿ!"

"ಒಂದು ಸಿಕ್ಕಿತು, ಇನ್ನೊಂದು ಎಲ್ಲಿ ಮಾರಾಯ್ತಿ?"

"ಬದಿಗೆ ನಿಲ್ಲಿ ಅಕ್ಕ, ನಿಮ್ಮ ಕಾಲಡಿಯಲ್ಲಿ ಉಂಟು."

"ಮಕ್ಕಳೇ, ಬೆಂಕಿ!" ಎಂದು ನಾನು ಕೂಗಿದೆ.

ಎದುರಿಗೆ ಕೂತಿದ್ದ ಹುಡುಗಿ ತಲೆಯೆತ್ತಿ ವಿನಯದಿಂದ ಹೇಳಿದಳು, "ಒಂದು ನಿಮಿಷ ಮೇಡಂ. ಹೊಸ ಚಪ್ಪಲಿ, ಮೊನ್ನೆ ತೆಗೆದದ್ದು."

ಡ್ರಿಲ್ ಫೇಲಾಯಿತು. ಅಧಿಕಾರಿ ಇನ್ನೊಂದೇ ಅವಕಾಶ ಕೊಡುತ್ತೇನೆ ಎಂದರು. ಆ ದಿನ ಸಂಜೆ ನಾನು ಮಕ್ಕಳನ್ನು ನಿಲ್ಲಿಸಿ ಸರಿಯಾಗಿ ಬೈದೆ. ಸೈರನ್ ಕೇಳಿದರೆ ಬರಿಗಾಲು, ಚಪ್ಪಲಿಯ ಆಸೆ ಬಿಡಬೇಕು, ಜೀವಕ್ಕಿಂತ ಚಪ್ಪಲಿ ದೊಡ್ಡದಲ್ಲ ಎಂದೆ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಭಾಷಣ ಮುಗಿಸಿ ನಾನು ಅಂಗಳಕ್ಕೆ ಇಳಿಯಲು ಹೋದೆ. ನನ್ನ ಚಪ್ಪಲಿ ಇರಲಿಲ್ಲ. ಡ್ರಿಲ್ಲಿನ ಗಡಿಬಿಡಿಯಲ್ಲಿ ಯಾರೋ ಹಾಕಿಕೊಂಡು ಹೋಗಿದ್ದರು. ನಾನು ಹೊಸ್ತಿಲಲ್ಲೇ ನಿಂತೆ. ನನ್ನ ಹಿಂದೆ ಇಡೀ ಹಾಸ್ಟೆಲ್ ಉಸಿರು ಬಿಗಿಹಿಡಿದು ನಿಂತಿತು, ಮೇಡಂ ಈಗ ಎಂತ ಮಾಡುತ್ತಾರೆ ಎಂದು.

ಸುರಕ್ಷಿತ ಸ್ಥಳ

ಹೊರಬಂದ ಮಕ್ಕಳು ಎಲ್ಲಿ ನಿಲ್ಲಬೇಕು ಎಂಬುದಕ್ಕೂ ನಿಯಮ ಉಂಟು. ಅಂಗಳದಲ್ಲಿ ನೆರಳಿರುವುದು ಒಂದೇ ಕಡೆ. ಅಧಿಕಾರಿ ಅಲ್ಲಿಗೆ ಬೊಟ್ಟು ಮಾಡಿ, 'ಸುರಕ್ಷಿತ ಸ್ಥಳ' ಎಂಬ ಹಸಿರು ಫಲಕ ನೆಡಿಸಿದರು. ತಮ್ಮ ಜೀಪನ್ನೂ ಅಲ್ಲೇ ನೆರಳಿಗೆ ನಿಲ್ಲಿಸಿದರು.

"ಸರ್, ಅದು ಹಲಸಿನ ಮರ," ಎಂದೆ.

"ಗೊತ್ತು ಮೇಡಂ. ಒಳ್ಳೆ ಮರ."

"ಈಗ ಮೇ ತಿಂಗಳು."

ಅವರು ಟೋಪಿ ಸರಿಮಾಡಿಕೊಂಡು ಚಾ ಕುಡಿಯಲು ಒಳಗೆ ಬಂದರು. ಚಾ ಲೋಟ ಬಾಯಿಗೆ ಹೋಗುವ ಮೊದಲು ಅಂಗಳದಿಂದ ತೆಂಗಿನ ಮರವೇ ಬಿದ್ದಂಥ ಶಬ್ದ ಬಂತು. ಎಲ್ಲರೂ ಓಡಿದೆವು. ಜೀಪಿನ ಬಾನೆಟ್ಟಿನ ನಡುವೆ ಒಂದು ತಗ್ಗು, ತಗ್ಗಿನಲ್ಲಿ ಒಂದು ಭರ್ಜರಿ ಹಣ್ಣು, ಬಾಯಿ ಬಿಟ್ಟು ಪರಿಮಳ ಬೀರುತ್ತಿತ್ತು.

ಧಣಿಗಳು ಅದನ್ನು ಬೆರಳಿನಿಂದ ಒತ್ತಿ ನೋಡಿ, ಅಧಿಕಾರಿಗೆ ಸಮಾಧಾನ ಹೇಳಿದರು. "ಬಕ್ಕೆ ಸಾರ್, ಗಟ್ಟಿ ತೊಳೆಯದ್ದು. ನಿಮ್ಮ ಪುಣ್ಯ."

ಫಲಕವನ್ನು ಮರುದಿನವೇ ಬಿಸಿಲಿಗೆ ಸ್ಥಳಾಂತರಿಸಲಾಯಿತು.

ಹೊಗೆ

ಕೊನೆಯ ಡ್ರಿಲ್ಲಿನ ದಿನ ಬಂತು. ಅದರಲ್ಲಿ ಸೋತರೆ ಪರೀಕ್ಷೆಯ ಮುಂಚೆ ಮಕ್ಕಳು ಪೆಟ್ಟಿಗೆ ಕಟ್ಟಬೇಕು. ಬೆಳಿಗ್ಗೆಯೇ ಮಕ್ಕಳನ್ನು ನಿಲ್ಲಿಸಿ ನಾನು ಹೇಳಿದ್ದು ಒಂದೇ ಮಾತು. "ಚಪ್ಪಲಿ ನೋಡಿದವರಿಗೆ ರಾತ್ರಿ ಊಟ ಇಲ್ಲ."

ಅಧಿಕಾರಿ ಬಂದು ವ್ಯವಸ್ಥೆ ಹೇಳಿದರು. ತಾವು ಮತ್ತು ನಾನು ಅಂಗಳದಲ್ಲಿ. ಮಕ್ಕಳು ಅವರವರ ಕೋಣೆಯಲ್ಲಿ. ಧಣಿಗಳು ಮೂರನೆಯ ಮಹಡಿಯಲ್ಲಿ. "ಮಾಲೀಕರೂ ಒಳಗಿರಬೇಕು. ಆಗಲೇ ಜವಾಬ್ದಾರಿ ಗೊತ್ತಾಗೋದು," ಎಂದರು. ಧಣಿಗಳಿಗೆ ಇದು ಯಾಕೋ ಹಿಡಿಸಲಿಲ್ಲ.

"ನಾನು ಕೆಳಗೆ ಇರ್ತೇನೆ ಸಾರ್. ಸ್ವಲ್ಪ ಕೆಲಸ ಉಂಟು."

"ಎಂಥಾ ಕೆಲಸಾನೂ ಇಲ್ಲ. ಹತ್ತಿ."

ಧಣಿಗಳು ಸಾಮಾನು ಕೋಣೆಯ ಕಡೆ ಎರಡು ಸಲ ತಿರುಗಿ ನೋಡಿಕೊಂಡು ಮೆಟ್ಟಿಲು ಹತ್ತಿದರು. ನಾನು ಅದಕ್ಕೆ ಅರ್ಥ ಹುಡುಕಲು ಹೋಗಲಿಲ್ಲ.

ನಾವಿಬ್ಬರೂ ಅಂಗಳದಲ್ಲಿ, ಹೊಸ ಜಾಗದಲ್ಲಿ, ಬಿಸಿಲಿಗೆ ನಿಂತೆವು. ಸ್ವಲ್ಪ ಹೊತ್ತಿಗೆ ಸೈರನ್ ಕೂಗಿತು. ಅಧಿಕಾರಿ ಗಡಿಯಾರ ಹಿಡಿದರು. ಹಾಗೆಯೇ ದೊಡ್ಡ ಮೆಟ್ಟಿಲಿನ ಕಿಟಕಿಗಳಿಂದ ಹೊಗೆ ಬರತೊಡಗಿತು. ಮೊದಲು ಕೆಳಗಿನ ಕಿಟಕಿ, ಆಮೇಲೆ ಎರಡನೆಯ ಮಹಡಿಯದ್ದು, ಆಮೇಲೆ ಮೂರನೆಯದ್ದು. ದಟ್ಟವಾದ ಬಿಳಿ ಹೊಗೆ. ಇಲಾಖೆಯವರ ತಯಾರಿ ನೋಡಿ ನನಗೆ ಸಂತೋಷವಾಯಿತು. ಮಾಡಿದರೆ ಹೀಗೆ ಅಚ್ಚುಕಟ್ಟಾಗಿ ಮಾಡಬೇಕು.

ಕನ್ನಿಮೂಲೆಯ ಬಾಗಿಲು ಧಡಾರನೆ ತೆರೆಯಿತು. ಮೊದಲು ಹೊರಬಂದವರು ಧಣಿಗಳು. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ಫಲಕದಲ್ಲಿದ್ದ ಮನುಷ್ಯನ ಹಾಗೆಯೇ ಓಡಿ ಬಂದರು. ಅವರ ಹಿಂದೆ ಮಕ್ಕಳು. ಸಾಲಾಗಿ, ದುಪಟ್ಟಾ ಮೂಗಿಗೆ ಹಿಡಿದು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಬಂದರು. ಒಬ್ಬಳೂ ಚಪ್ಪಲಿಯ ರಾಶಿಯ ಕಡೆ ನೋಡಲಿಲ್ಲ. ಹಾಜರಿ ಕರೆದೆ. ಎಲ್ಲರೂ ಇದ್ದರು.

ಅಧಿಕಾರಿ ಗಡಿಯಾರ ನಿಲ್ಲಿಸಿ, ನನ್ನ ಕಡೆ ತಿರುಗಿ ಟೋಪಿ ತೆಗೆದರು.

"ಮೇಡಂ, ಎಷ್ಟೋ ಕಡೆ ಡ್ರಿಲ್ ನೋಡಿದೀನಿ. ಹೊಗೆ ಸಮೇತ ಯಾರೂ ಮಾಡಿರಲಿಲ್ಲ. ಎಂಥಾ ಒಳ್ಳೆ ವ್ಯವಸ್ಥೆ ಮಾಡಿದೀರ!"

"ಅದು ನಿಮ್ಮ ದೊಡ್ಡತನ ಸರ್," ಎಂದೆ. "ನಾನು ಆ ಮಾತನ್ನು ನಿಮಗೆ ಹೇಳಬೇಕೆಂದಿದ್ದೆ. ಹೊಗೆ ತುಂಬಾ ಸಹಜವಾಗಿ ಬಂದಿದೆ."

"ನಾನೆಲ್ಲಿ ಹೊಗೆ ಹಾಕಿಸಿದೆ?"

"ಹಾಗಾದರೆ ಸೈರನ್?"

"ನೀವು ಹಾಕಿಸಿದ್ದಲ್ವಾ?"

ಇಬ್ಬರೂ ಒಟ್ಟಿಗೆ ಕಟ್ಟಡದ ಕಡೆ ತಿರುಗಿದೆವು. ದೊಡ್ಡ ಮೆಟ್ಟಿಲು ಹೊಗೆಯಲ್ಲಿ ಕಾಣುತ್ತಲೇ ಇರಲಿಲ್ಲ. ನನ್ನ ಕೈ ತಾನಾಗಿಯೇ ಸೊಂಟದ ಕೀಲಿ ಗೊಂಚಲಿಗೆ ಹೋಯಿತು. ಹೊಸ ಬಾಗಿಲಿನ ಕೀಲಿ ಅದರಲ್ಲಿ ಇರಲಿಲ್ಲ. ಆ ಒಂದು ಕ್ಷಣ ನಾನು ಯಾವ ದೇವರನ್ನು ನೆನೆದೆನೋ ನನಗೇ ಗೊತ್ತಿಲ್ಲ.

ಅಧಿಕಾರಿ ಒಳಗೆ ನುಗ್ಗಲು ಹೊರಟರು. ಧಣಿಗಳು ಏದುಸಿರು ಬಿಡುತ್ತಾ ಅವರ ತೋಳು ಹಿಡಿದುಕೊಂಡರು. "ಗಡಿಬಿಡಿ ಮಾಡಬೇಡಿ ಸಾರ್. ಅದು ಅಂಥ ಬೆಂಕಿ ಅಲ್ಲ. ಒಳ್ಳೆಯ ಬೆಂಕಿ."

"ಏನಂದ್ರಿ?"

"ಕನ್ನಿಮೂಲೆಯಲ್ಲಿ ಬಾಗಿಲು ಒಡೆದೆವಲ್ಲ, ಆ ದೋಷಕ್ಕೆ... ಜೋಯಿಸರು ಅಗ್ನಿಮೂಲೆಯ ಕೋಣೆಯಲ್ಲಿ ಒಂದು ಸಣ್ಣ ಹೋಮಕ್ಕೆ ಕೂತಿದ್ದಾರೆ. ಮೇಡಂಗೆ ಹೇಳಿದರೆ ಬೇಡ ಅನ್ನುತ್ತಾರೆ ಅಂತ ಬಾಗಿಲು ಹಾಕಿಕೊಂಡು ಮಾಡಲಿಕ್ಕೆ ಹೇಳಿದ್ದೆ. ಸೌದೆ ಸ್ವಲ್ಪ ಹಸಿ ಇತ್ತು ಅಂತ ಕಾಣ್ತದೆ."

ಅಷ್ಟರಲ್ಲಿ ಎದುರಿನ ಬಾಗಿಲಿನಿಂದ ಜೋಯಿಸರು ಹೊರಬಂದರು. ಅವರನ್ನು ಗುರುತಿಸಲು ನನಗೆ ಸ್ವಲ್ಪ ಸಮಯ ಬೇಕಾಯಿತು. ತಲೆಯಿಂದ ಕಾಲಿನವರೆಗೆ ಬಿಳಿ. ಗಡ್ಡ, ಜನಿವಾರ, ಕೈಯಲ್ಲಿದ್ದ ತುಪ್ಪದ ಸೌಟು, ಎಲ್ಲವೂ ಅಕ್ಕಿಹಿಟ್ಟಿನಲ್ಲಿ ಹೊರಳಿಸಿದ ಹಾಗೆ. ಎರಡು ಕಣ್ಣು ಮಾತ್ರ ಕೆಂಪಗೆ ಉರಿಯುತ್ತಿದ್ದವು. ಅವರ ಹಿಂದೆ ಅಡುಗೆಯ ಅಕ್ಕ, ಕೆಮ್ಮುತ್ತಾ, ಖಾಲಿ ಸಿಲಿಂಡರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

"ಮೇಡಂ, ಹೊಗೆ ಕಂಡ ಕೂಡಲೇ ಸೈರನ್ ಒತ್ತಿದೆ, ಮತ್ತೆ ನಂದಿಸಿದೆ," ಎಂದರು ಅಕ್ಕ. "ಬುಡಕ್ಕೇ ಹೊಡೆದೆ. ಇವರು ಅಡ್ಡ ಕೂತಿದ್ದರು."

"ಹೋಮಕುಂಡಕ್ಕೆ ಹೊಡೆದಿರಾ ಅಕ್ಕ!" ಧಣಿಗಳು ತಲೆಗೆ ಕೈ ಹೊತ್ತುಕೊಂಡರು.

"ಬೆಂಕಿ ಕಂಡರೆ ಯಾರನ್ನೂ ಕೇಳಬಾರದು, ಆಲೋಚನೆ ಮಾಡಬಾರದು ಅಂದದ್ದು ಮೇಡಂ. ಒಲೆಯದ್ದು ಬಿಟ್ಟು ಉಳಿದದ್ದಕ್ಕೆಲ್ಲ ಹೊಡೆಯಿರಿ ಅಂತಲೂ ಆಮೇಲೆ ಅವರೇ ಹೇಳಿದ್ದು. ಅದು ಒಲೆಯಾ?"

ಅಧಿಕಾರಿ ಒಳಗೆ ಹೋಗಿ, ಎಲ್ಲ ಕಿಟಕಿ ತೆರೆಸಿ, ಕಿಡಿ ಉಳಿದಿಲ್ಲವೆಂದು ನೋಡಿ ಬಂದರು. ಬಂದವರು ನೆಟ್ಟಗೆ ನಿಲ್ಲಲು ಬಹಳ ಕಷ್ಟಪಡುತ್ತಿದ್ದರು. ಮೀಸೆ ಅಲುಗುತ್ತಿತ್ತು. ನನಗೆ ಆ ಕಷ್ಟದ ಪರಿಚಯವಿದ್ದುದರಿಂದ ನಾನು ಬೇರೆ ಕಡೆ ನೋಡಿದೆ.

"ಮೇಡಂ, ನಿಜವಾದ ಹೊಗೇಲಿ ಇಷ್ಟು ಶಿಸ್ತಾಗಿ ಇಳಿದ ಮಕ್ಕಳನ್ನ ಪರೀಕ್ಷೆಗೆ ಮುಂಚೆ ಹೊರಗೆ ಹಾಕೋಕೆ ನಂಗೆ ಯಾವ ಕಾರಣಾನೂ ಉಳಿದಿಲ್ಲ. ಒಪ್ಪಿಗೆ ಕೊಡ್ತೀನಿ. ಆದ್ರೆ ಕಟ್ಟಡದೊಳಗೆ ಇನ್ನೊಂದು ಕಡ್ಡಿ ಗೀರಿದ್ದು ಗೊತ್ತಾದ್ರೆ ಮಾಲೀಕರನ್ನೇ ಖಾಲಿ ಮಾಡಿಸ್ತೀನಿ."

ಮಕ್ಕಳು ಚಪ್ಪಾಳೆ ತಟ್ಟಿದರು. ಅನುಮತಿ ಇಲ್ಲದೆ ತಟ್ಟಿದ್ದು, ಆದರೂ ನಾನು ಸುಮ್ಮನಿದ್ದೆ.

ಎಲ್ಲ ಶಾಂತವಾದ ಮೇಲೆ ನಾನು ಧಣಿಗಳಿಗೆ ನೆನಪಿಸಿದೆ. "ಧಣಿಗಳೇ, ಆ ಬಾಗಿಲನ್ನು ಜೀವಮಾನದಲ್ಲಿ ದಾಟುವುದಿಲ್ಲ ಎಂದದ್ದಕ್ಕೆ ನನ್ನನ್ನು ಸಾಕ್ಷಿ ಮಾಡಿದ್ದಿರಿ."

ಧಣಿಗಳು ಜೋಯಿಸರ ಮುಖ ನೋಡಿದರು. ಜೋಯಿಸರು ಬಾಯಿಯೊಳಗೆ ಹೋಗಿದ್ದ ಸಿಲಿಂಡರಿನ ಪುಡಿಯನ್ನು ಉಗಿದು, ಗಂಭೀರವಾಗಿ ತೀರ್ಪು ಕೊಟ್ಟರು. "ದೋಷ ಇರುವುದು ಪ್ರವೇಶಕ್ಕೆ. ಓಡಿ ಹೋಗುವುದಕ್ಕೆ ಅಡ್ಡಿಯಿಲ್ಲ." ಆಮೇಲೆ ಖಾಲಿ ಸೌಟನ್ನು ನೋಡಿ ಅವರ ದನಿ ಅಳುದನಿಯಾಯಿತು. "ಆದರೆ ಹೋಮ ಅರ್ಧಕ್ಕೆ ನಿಂತಿತಲ್ಲ! ಪೂರ್ಣಾಹುತಿ ಆಗಲೇ ಇಲ್ಲ. ಇನ್ನು ಫಲ ಎಲ್ಲಿಂದ ಸಿಗಬೇಕು?"

ಅಡುಗೆಯ ಅಕ್ಕನಿಗೆ ಪಾಪ ಅನ್ನಿಸಿತೋ ಏನೋ, ಹತ್ತಿರ ಬಂದು ಸೆರಗಿನಿಂದ ಅವರ ಹೆಗಲಿನ ಪುಡಿ ಒರೆಸುತ್ತಾ ಕೇಳಿದರು.

"ಎಂತ ಫಲ ಸಿಗಬೇಕಿತ್ತು ಜೋಯಿಸರೇ?"

"ಬಾಗಿಲಿನ ದೋಷ ಹೋಗಿ ಈ ಕಟ್ಟಡಕ್ಕೆ ಬೆಂಕಿಯ ಭಯ ಇರಬಾರದು ಅಂತ."

"ಮತ್ತೆ ನಂದಿತಲ್ಲ," ಎಂದರು ಅಕ್ಕ. "ಇಷ್ಟು ಬೇಗ ಫಲ ಕೊಟ್ಟ ಹೋಮವನ್ನು ನಾನು ನೋಡಿದ್ದೇ ಇಲ್ಲ."

ಮಕ್ಕಳ ಎದುರಿಗೆ ನಾನು ನಕ್ಕದ್ದು ಅದೇ ಮೊದಲು. ಮರುದಿನ ಪ್ರಾರ್ಥನೆಗೆ ಅರ್ಧ ಮಕ್ಕಳು ತಡವಾಗಿ ಬಂದರು.